ಏಳನೆಯ ಸಾಲು

ರಾತ್ರಿ ಒಂಬತ್ತು ದಾಟಿದೆ. ಫ್ಲೋರಿಡಾದ ಹೈ ಸ್ಪ್ರಿಂಗ್ಸ್ ಊರಿನ ಬಾಡಿಗೆ ಮನೆ. ಗ್ಯಾರೇಜಿನ ನೆಲದ ಮೇಲೆ ನೀವು ಕುಕ್ಕರಗಾಲಿನಲ್ಲಿ ಕೂತಿದ್ದೀರಿ. ಎದುರಿಗೆ ಹೊಟ್ಟೆ ಬಿಚ್ಚಿಕೊಂಡು ಮಲಗಿದೆ ನೀರೊಳಗೆ ನಿಮ್ಮನ್ನು ಎಳೆದೊಯ್ಯುವ ಸ್ಕೂಟರು. ಅದರ ಬ್ಯಾಟರಿ ಹೊರಗೆ ಬಂದಿದೆ. ಮೀಟರು 42 ವೋಲ್ಟ್ ತೋರಿಸುತ್ತಿದೆ: ಹತ್ತು ಸಾಲು ಲಿಥಿಯಂ ಸೆಲ್ಲು, ಸಾಲಿಗೆ 4.2. ಕೊಂಡು ತಂದ ದಿನವೂ ಇಷ್ಟೇ ಇತ್ತು.

ಅದಕ್ಕೇ ಈ ಅಂಕಿಯನ್ನು ನಂಬುವಂತಿಲ್ಲ. ನಮ್ಮ ಮನೆಗಳ ಯುಪಿಎಸ್ ಗೊತ್ತಲ್ಲ? ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಕರೆಂಟು ಹೋದ ಹತ್ತೇ ನಿಮಿಷಕ್ಕೆ ಫ್ಯಾನು ನಿಲ್ಲುತ್ತದೆ. ದುಡಿಸಿ ನೋಡದೆ ಬ್ಯಾಟರಿಯ ಕಸುವು ತಿಳಿಯುವುದಿಲ್ಲ.

ಬ್ಯಾಟರಿಯನ್ನು ದುಡಿಸುವ ಲೋಡ್ ಯಂತ್ರವನ್ನು 15 ಆಂಪಿಯರಿಗೆ ಇಟ್ಟು ಗುಂಡಿ ಒತ್ತುತ್ತೀರಿ. ವೋಲ್ಟೇಜು ಥಟ್ಟನೆ ಕುಸಿದು ನಿಲ್ಲುತ್ತದೆ. ಈ ಮೊದಲ ಕುಸಿತವನ್ನು ಬರೆದುಕೊಳ್ಳಿ. ಸೆಲ್ಲು ಹಳೆಯದಾದಷ್ಟೂ ಒಳಗಿನ ತಡೆ ಹೆಚ್ಚಿ, ಇದು ದೊಡ್ಡದಾಗುತ್ತ ಹೋಗುತ್ತದೆ. ಆಮೇಲೆ ಒಂದು ಗಂಟೆ ಬರೆಯುವಂಥದ್ದೇನೂ ಇಲ್ಲ. ಯಂತ್ರದ ಬಿಸಿಗಾಳಿ ಮೊಣಕಾಲಿಗೆ ಹೊಡೆಯುತ್ತದೆ, ನೀವು ಸೊಳ್ಳೆ ಹೊಡೆಯುತ್ತೀರಿ.

80ನೇ ನಿಮಿಷ. ಮೀಟರಿನ ಕಡ್ಡಿಯನ್ನು ಸಾಲಿನಿಂದ ಸಾಲಿಗೆ ಒಯ್ಯುತ್ತೀರಿ. 3.35, 3.34, 3.35... ಏಳನೆಯದಕ್ಕೆ ಬಂದಾಗ 3.05. ತಪ್ಪಿ ಇಟ್ಟೆನೇನೋ ಎಂದು ಮತ್ತೊಮ್ಮೆ ಇಡುತ್ತೀರಿ. 3.04.

ಅಲ್ಲಿಂದ ಅದು ಜಾರತೊಡಗುತ್ತದೆ. 90ನೇ ನಿಮಿಷಕ್ಕೆ ಟಕ್ ಎಂದು ಎಲ್ಲವೂ ಬಂದ್. ಯಾವೊಂದು ಸಾಲು ಕೆಳಮಿತಿ ಮುಟ್ಟಿದರೂ ರಕ್ಷಣೆಯ ಸರ್ಕ್ಯೂಟು ಇಡೀ ಬ್ಯಾಟರಿಯನ್ನೇ ಕಡಿದುಬಿಡುತ್ತದೆ. ಪಂಕ್ತಿಯಲ್ಲಿ ಒಬ್ಬರು ಎದ್ದರೆಂದು ಎಲ್ಲರೂ ಏಳಬೇಕಾದ ಹಾಗೆ, ಉಳಿದವರ ಎಲೆಯಲ್ಲಿ ಅನ್ನ ಇದ್ದರೂ. ಹಳೆಯ ಗ್ಯಾವಿನ್ ಸ್ಕೂಟರುಗಳ ಸೀಸದ ಬ್ಯಾಟರಿ ಭಾರದ್ದು, ನಿಜ. ಆದರೆ ಸೋಲುವ ಮುಂಚೆ ಮೋಟಾರಿನ ದನಿ ಇಳಿಸಿ ಹೇಳಿಯಾದರೂ ಹೇಳುತ್ತಿತ್ತು.

ನೋಟ್‌ಬುಕ್ ತೆರೆಯುತ್ತೀರಿ. ಹೊಸದರಲ್ಲಿ 110 ನಿಮಿಷ. ಇವತ್ತು 90. ನೂರಕ್ಕೆ ಸುಮಾರು 82. ಎಂಬತ್ತಕ್ಕಿಳಿದರೆ ಬ್ಯಾಟರಿ ಬದಲಿಸುವುದು ವಾಡಿಕೆ. ನೀರಡಿಯ ಗುಹೆಯ ಲೆಕ್ಕವೋ ಇನ್ನೂ ಬಿಗಿ: ಮೂರರಲ್ಲಿ ಒಂದು ಪಾಲು ಹೋಗುವುದಕ್ಕೆ, ಒಂದು ಬರುವುದಕ್ಕೆ, ಇನ್ನೊಂದು ಜೊತೆಗಾರನ ಸ್ಕೂಟರು ಕೆಟ್ಟರೆ ಅವನನ್ನೂ ಎಳೆದು ತರುವುದಕ್ಕೆ. ನೀರಿಗೆ ಒಯ್ಯುವ ಸ್ಲೇಟಿನಲ್ಲಿದ್ದ 36 ನಿಮಿಷ ಅಳಿಸಿ 30 ಎಂದು ಬರೆಯುತ್ತೀರಿ. ಬ್ಯಾಟರಿ ತಣ್ಣಗಾದ ಮೇಲೆ ಚಾರ್ಜಿಗೆ.

ಬೆಳಗ್ಗೆ ಜಿನ್ನಿ ಸ್ಪ್ರಿಂಗ್ಸ್. ಸಾಂಟಾ ಫೆ ನದಿಯ ಡಿಕಾಕ್ಷನ್ ಬಣ್ಣದ ನೀರಿನಡಿ ಡೆವಿಲ್ಸ್ ಇಯರ್ ಗುಹೆ ಬಾಯ್ತೆರೆದಿದೆ. ಒಳಗಿಂದ ನುಗ್ಗುವ ಬುಗ್ಗೆ ಗಾಜಿನಷ್ಟು ತಿಳಿ, 22 ಡಿಗ್ರಿ. ಟ್ರಿಗರ್ ಒತ್ತುತ್ತೀರಿ, ತೊಡೆಸಂದಿನ ಪಟ್ಟಿ ಬಿಗಿಯುತ್ತದೆ, ಸ್ಕೂಟರು ಸೆಳವಿನೆದುರು ಗುಂಯ್‌ಗುಡುತ್ತ ಎಳೆಯುತ್ತದೆ. ಸಾವಿನ ಚಿತ್ರದ ಎಚ್ಚರಿಕೆ ಫಲಕ ಪಕ್ಕಕ್ಕೆ ಸರಿಯುತ್ತದೆ. ಸುಣ್ಣಕಲ್ಲಿನ ಗೋಡೆ, ನೆಲದುದ್ದಕ್ಕೂ ಚಿನ್ನದ ಬಣ್ಣದ ದಾರ. ಕಣ್ಣು ದಾರದ ಮೇಲಿದ್ದರೂ ಕಿವಿ ಮೋಟಾರಿನ ಮೇಲೆ.

28ನೇ ನಿಮಿಷ. 29. ಮುಂದೆ ಸುರಂಗ ಅಗಲವಾಗುತ್ತಿದೆ. ಸಿಲಿಂಡರಿನಲ್ಲಿ ಗಾಳಿಗೇನೂ ಕೊರತೆಯಿಲ್ಲ. ಹಿಂದಿರುಗುವಾಗ ಸೆಳವೇ ತಳ್ಳುತ್ತದಲ್ಲ, ಇನ್ನೈದು ನಿಮಿಷ ಹೋದರೇನು ಎಂದು ಮನಸ್ಸು ಚೌಕಾಸಿಗೆ ಇಳಿಯುತ್ತದೆ.

30. ಟ್ರಿಗರ್ ಬಿಡುತ್ತೀರಿ. ಹೆಬ್ಬೆರಳು ಮೇಲೆತ್ತಿ ತೋರಿಸುತ್ತೀರಿ, ವಾಪಸ್. ಜೊತೆಗಾರನ ಸ್ಕೂಟರು ಹೊಸದು, ಅವನಿಗಿನ್ನೂ ಸಮಯವಿದೆ. ಆದರೂ ಅವನೂ ಹೆಬ್ಬೆರಳೆತ್ತಿ, ಮರುಮಾತಿಲ್ಲದೆ ಸ್ಕೂಟರಿನ ಮೂತಿ ತಿರುಗಿಸುತ್ತಾನೆ.

ಮಧ್ಯಾಹ್ನ ಮರದ ಮೆಟ್ಟಿಲ ಮೇಲೆ ಒದ್ದೆ ಕೈ ಒರೆಸಿಕೊಂಡು ಸ್ಕೂಟರಿನ ಮುಚ್ಚಳ ಬಿಚ್ಚುತ್ತೀರಿ. ಓ-ರಿಂಗಿನ ಒಳಗೆ ಒಂದು ಹನಿಯೂ ಇಲ್ಲ. ಮೀಟರಿನ ಕಡ್ಡಿ ಮೊದಲು ಹೋಗುವುದು ಏಳನೆಯ ಸಾಲಿಗೆ.