ನಮ್ಮ ಮನೆಯ ಟಿಕೆಟ್ ಡಿಪಾರ್ಟ್‌ಮೆಂಟ್

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದಕ್ಕೆ ನನಗೆ ಮನೆಯಲ್ಲಿ ಸಿಕ್ಕಿರೋ ಒಂದೇ ಪೋಸ್ಟ್ ಅಂದ್ರೆ ಟಿಕೆಟ್ ಬುಕ್ ಮಾಡೋದು. ಎಂಟನೇ ಕ್ಲಾಸಿಂದ ಟ್ರೈನ್ ಟಿಕೆಟ್ ನಂದೇ ಡ್ಯೂಟಿ. ಈಗ ವಿಮಾನದ್ದೂ ಸೇರಿದೆ. ಅತ್ತೆ, ದೊಡ್ಡಪ್ಪ, ಪಕ್ಕದ ಮನೆ ಆಂಟಿ ಎಲ್ಲರೂ "ಸ್ವಲ್ಪ ನೋಡೇ, ಯಾವತ್ತು ಕಡಿಮೆ ಇದೆ?" ಅಂತ ಫೋನ್ ಮಾಡ್ತಾರೆ. ಸಂಬಳ ಇಲ್ಲ, ಆದ್ರೆ ಒಂದಷ್ಟು ವಿಷಯ ಗೊತ್ತಾಯ್ತು. ಅದನ್ನ ಇಲ್ಲಿ ಬರೀತಿದೀನಿ.

ಹಾಸ್ಟೆಲ್‌ನಲ್ಲಿ ಎಲ್ಲರೂ ನಂಬಿರೋ ಒಂದು ಮಾತಿದೆ: "ಎರಡು ಸಲ ಸರ್ಚ್ ಮಾಡಿದ್ರೆ ರೇಟ್ ಜಾಸ್ತಿ ಮಾಡ್ತಾರೆ, ಇನ್‌ಕಾಗ್ನಿಟೋದಲ್ಲಿ ನೋಡು." ರೇಟ್ ಏರೋದಕ್ಕೆ ಇದಕ್ಕಿಂತ ಸರಳವಾದ ಕಾರಣ ಇದೆ. ವಿಮಾನದಲ್ಲಿ ಎಕಾನಮಿ ಅನ್ನೋದು ಒಂದೇ ದರ ಅಲ್ಲ. ಅದೇ ಸೀಟುಗಳನ್ನ ಹಲವು ಡಬ್ಬಿಗಳಲ್ಲಿ ಹಂಚಿಟ್ಟ ಹಾಗೆ ಲೆಕ್ಕ ಇಟ್ಟಿರ್ತಾರೆ, ಒಂದೊಂದು ಡಬ್ಬಿಗೂ ಒಂದೊಂದು ದರ. ಅಗ್ಗದ ಡಬ್ಬಿ ಖಾಲಿಯಾದ ತಕ್ಷಣ ದರ ಮೇಲಿನ ಡಬ್ಬಿಗೆ ಜಿಗಿಯುತ್ತೆ. ಇದರಲ್ಲಿ ನಮಗೆ ಉಪಯೋಗಕ್ಕೆ ಬರೋ ಒಂದು ಟ್ರಿಕ್ ಇದೆ. ನೀವು ನಾಲ್ಕು ಜನ ಹೊರಟಿದೀರ, ಅಗ್ಗದ ಡಬ್ಬಿಯಲ್ಲಿ ಉಳಿದಿರೋದು ಮೂರೇ ಸೀಟು ಅಂತಿಟ್ಕೊಳ್ಳಿ. ನಾಲ್ಕು ಟಿಕೆಟ್ ಒಟ್ಟಿಗೆ ಕೇಳಿದ್ರೆ ಸಾಮಾನ್ಯವಾಗಿ ನಾಲ್ಕಕ್ಕೂ ಮೇಲಿನ ದರವೇ ಬರುತ್ತೆ. ಅದಕ್ಕೇ ಮೊದಲು ಒಂದೇ ಟಿಕೆಟ್‌ಗೆ ದರ ನೋಡಿ, ಆಮೇಲೆ ನಾಲ್ಕಕ್ಕೆ ನೋಡಿ. ವ್ಯತ್ಯಾಸ ಇದ್ರೆ ಬೇರೆ ಬೇರೆ ಬುಕ್ ಮಾಡಿ.

ಈ ಡಬ್ಬಿಗಳ ಹಿಂದೆ ಇರೋದು ನಾವು ಮ್ಯಾಥ್ಸ್‌ನಲ್ಲಿ "ಇದೆಲ್ಲ ಎಲ್ಲಿ ಬರುತ್ತೆ ಸಾರ್" ಅಂತ ಕೇಳೋ ಪ್ರಾಬಬಿಲಿಟಿ. 1972ರಲ್ಲಿ ಬ್ರಿಟನ್ನಿನ ಬಿಒಎಸಿ ಏರ್‌ಲೈನ್‌ನ ಕೆನ್ ಲಿಟಲ್‌ವುಡ್ ಒಂದು ನಿಯಮ ಕೊಟ್ಟರು. ಈಗ ಸಿಗೋದು 4,000, ಕಾದರೆ ಸಿಗಬಹುದಾದದ್ದು 10,000 ಅಂದ್ರೆ, ಕೊನೇ ಕ್ಷಣದಲ್ಲಿ ಆ 10,000ದ ಗಿರಾಕಿ ಬರೋ ಸಂಭವ 0.4ಕ್ಕಿಂತ ಹೆಚ್ಚಿದ್ರೆ ಸೀಟನ್ನ ಈಗ ಮಾರಬಾರದು, ಇಟ್ಕೋಬೇಕು. ಅಷ್ಟೇ ಲೆಕ್ಕ. ಇದರಲ್ಲಿ ನನಗೆ ಮೋಸ ಏನೂ ಕಾಣಲ್ಲ. ಮುಂಚೆ ಪ್ಲಾನ್ ಮಾಡೋರಿಗೆ ಅಗ್ಗ, ಅರ್ಜೆಂಟ್ ಇರೋರಿಗೆ ದುಬಾರಿ. ನಮ್ಮ ಹಾಸನ ಜಿಲ್ಲೆಯ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಒಂದು ರೂಪಾಯಿಗೂ ಟಿಕೆಟ್ ಮಾರಿದ್ರು. ನಮ್ಮಪ್ಪನಂಥ ಅಂಗಡಿ ಇಟ್ಕೊಂಡಿರೋರು ವಿಮಾನದ ಬಗ್ಗೆ ಯೋಚನೆ ಮಾಡೋಕೆ ಶುರು ಮಾಡಿದ್ದೇ ಇಂಥವುಗಳಿಂದ.

ನನಗೆ ಸಿಟ್ಟು ಬರೋದು ದರ ತೋರಿಸಿದ ಮೇಲೆ ಆಗೋ ಕೆಲಸಗಳ ಬಗ್ಗೆ. 4,200 ಅಂತ ಒಳಗೆ ಹೋದ್ರೆ ಕೊನೆಯ ಪೇಜ್‌ಗೆ 5,300. ಮಧ್ಯದಲ್ಲಿ ಸೀಟ್ ಆಯ್ಕೆ, ಇನ್ಶೂರೆನ್ಸ್, ಕನ್ವೀನಿಯನ್ಸ್ ಫೀ. ಯಾರ ಕನ್ವೀನಿಯನ್ಸೋ ಗೊತ್ತಿಲ್ಲ, ಟೈಪ್ ಮಾಡಿದ್ದೆಲ್ಲ ನಾನೇ. ಇನ್ಶೂರೆನ್ಸ್ ಬೇಡ ಅಂದ್ರೆ "ಪರವಾಗಿಲ್ಲ, ನಾನು ರಿಸ್ಕ್ ತಗೋತೀನಿ" ಅಂತ ನಮ್ಮ ಕೈಯಲ್ಲೇ ಒತ್ತಿಸ್ತಾರೆ. ಇವಕ್ಕೆಲ್ಲ ಕಾನೂನಿನಲ್ಲಿ ಹೆಸರಿದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್‌ಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿ 13 ಬಗೆಗಳನ್ನ ಪಟ್ಟಿ ಮಾಡಿದೆ. ಕೇಳದೆ ಬುಟ್ಟಿಗೆ ಸಾಮಾನು ಹಾಕೋದು, ದರವನ್ನ ತೊಟ್ಟು ತೊಟ್ಟಾಗಿ ಏರಿಸೋದು, ಬೇಡ ಅಂದವರಿಗೆ ನಾಚಿಕೆ ಆಗೋ ಹಾಗೆ ಬರೆಯೋದು, ಸುಳ್ಳು ಆತುರ ಹುಟ್ಟಿಸೋದು, ಎಲ್ಲ ಅದರಲ್ಲಿದೆ.

ಹೋದ ವರ್ಷ ಅಕ್ಕನ ಕಾನ್ವೊಕೇಶನ್‌ಗೆ ಅಪ್ಪ ಅಮ್ಮ ಬೆಂಗಳೂರಿಂದ ದೆಹಲಿಗೆ ಹೋಗಬೇಕಿತ್ತು. ಅಮ್ಮನಿಗೆ ಮೊದಲ ವಿಮಾನ. ಹೊಸ ಸೀರೆ ತಗೊಂಡಾಗಿತ್ತು. ಎರಡು ದಿನ ಮುಂಚೆ ಅಜ್ಜಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರೀತು. ಟಿಕೆಟ್ ಕ್ಯಾನ್ಸಲ್ ಮಾಡೋಕೆ ಹೋದ್ರೆ ಬುಕಿಂಗ್ ಸೈಟ್‌ನಲ್ಲಿ ಬಂದಿದ್ದು: ನಾನ್ ರಿಫಂಡಬಲ್, ಸಿಗೋ ಮೊತ್ತ ಸೊನ್ನೆ. ಅಪ್ಪ ಆಸ್ಪತ್ರೆ ಕಾರಿಡಾರ್‌ನಲ್ಲಿ ನಿಂತು "ಹೋಗ್ಲಿ ಬಿಡು, ಬರೆದಿದಾರಲ್ಲ" ಅಂದ್ರು.

ಅವರು ಇಂಗ್ಲಿಷ್‌ನಲ್ಲಿ ಬರೆದಿದ್ದನ್ನ ಓದಿ ಹಾಗಂದಿದ್ದಲ್ಲ. ಇಂಗ್ಲಿಷ್‌ನಲ್ಲಿ ಬರೆದಿದೆ ಅನ್ನೋದಕ್ಕೇ ಹಾಗಂದಿದ್ದು. ನನಗೆ ಅದು ತಡೀಲಿಲ್ಲ. ರಾತ್ರಿ ಅಜ್ಜಿ ಬೆಡ್ ಪಕ್ಕ ಕೂತು ಡಿಜಿಸಿಎ ನಿಯಮಗಳನ್ನ ಹುಡುಕಿ ಓದಿದೆ. ಅದರಲ್ಲಿ ಸ್ಪಷ್ಟವಾಗಿದೆ: ಕ್ಯಾನ್ಸಲೇಶನ್ ಚಾರ್ಜ್ ಮೂಲ ದರ ಮತ್ತು ಇಂಧನ ಸರ್‌ಚಾರ್ಜ್ ಸೇರಿದ ಮೊತ್ತವನ್ನ ದಾಟೋ ಹಾಗಿಲ್ಲ. ಸರ್ಕಾರಿ ತೆರಿಗೆ, ಏರ್‌ಪೋರ್ಟ್‌ನ ಯೂಸರ್ ಡೆವಲಪ್‌ಮೆಂಟ್ ಫೀ ಇವನ್ನ ವಾಪಸ್ ಕೊಡಲೇಬೇಕು. ಟಿಕೆಟ್ ನಾನ್ ರಿಫಂಡಬಲ್ ಆಗಿದ್ರೂ, ಆಫರ್ ದರದ್ದಾಗಿದ್ರೂ, ನೀವು ಏರ್‌ಪೋರ್ಟ್‌ಗೆ ಹೋಗದೇ ಇದ್ರೂ ಸರಿ. ನ್ಯಾಯವೇ ಅಲ್ವಾ? ಹೋಗದ ಏರ್‌ಪೋರ್ಟ್‌ಗೆ ಫೀ ಯಾಕೆ ಕೊಡಬೇಕು?

ಚಾಟ್‌ಬಾಟ್ ಮೂರು ದಿನ ಒಂದೇ ಉತ್ತರ ಕೊಡ್ತು. ಆಮೇಲೆ ಆ ನಿಯಮದ ಸಾಲುಗಳನ್ನ ಕಾಪಿ ಮಾಡಿ ಮೇಲ್ ಹಾಕಿ, ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲೂ ದೂರು ಕೊಟ್ಟೆ. ಐದು ವಾರಕ್ಕೆ ಇಬ್ಬರದೂ ಸೇರಿ 2,000ಕ್ಕೆ ಸ್ವಲ್ಪ ಹೆಚ್ಚು ಬಂತು. ಮೂಲ ದರ ಹೋಯ್ತು, ಅದು ಷರತ್ತಿನ ಪ್ರಕಾರ ಹೋಗಬೇಕಾದದ್ದೇ. ಬಂದ ದುಡ್ಡು ಅಜ್ಜಿಯ ವಾಕರ್‌ಗೆ ಆಯ್ತು. ಅಪ್ಪ ಮೆಸೇಜನ್ನ ಎರಡು ಸಲ ಓದಿಸಿ ಕೇಳಿದ್ರು.

ನಿಮ್ಮ ಮನೆಯಲ್ಲೂ ನೀವೇ ಟಿಕೆಟ್ ಡಿಪಾರ್ಟ್‌ಮೆಂಟ್ ಆಗಿರಬಹುದು. ಸೊನ್ನೆ ಅಂತ ತೋರಿಸಿದ್ರೆ ಟಿಕೆಟ್‌ನಲ್ಲಿ ದರದ ವಿಂಗಡಣೆ ತೆಗೆದು ನೋಡಿ, ತೆರಿಗೆ ಮತ್ತು ಫೀ ಎಷ್ಟು ಅಂತ ಕೂಡಿಸಿ, ಅಷ್ಟನ್ನ ಕೇಳಿ. ಕೊಡದಿದ್ರೆ ಏರ್‌ಸೇವಾ ಇದೆ. ಗ್ರಾಹಕ ಸಹಾಯವಾಣಿ 1915 ಇದೆ, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಅಪ್ಪ ಅಮ್ಮನಿಗೆ ಈ ನಂಬರ್ ಸೇವ್ ಮಾಡಿಕೊಡಿ.

ಇನ್ನೊಂದು ವಿಷಯ ನನ್ನನ್ನ ಕಾಡ್ತಾ ಇದೆ. ಆ ಸೊನ್ನೆ ತೋರಿಸೋ ಪೇಜನ್ನ ಬರೆದವರು ನಮ್ಮಂಥದೇ ಕಾಲೇಜಲ್ಲಿ ಓದಿದವರು. ಟಿಕ್ ಆಗಿರೋ ಚೆಕ್‌ಬಾಕ್ಸ್ ಅನ್ನೋದು ಯಾರೋ ಒಬ್ಬ ಫ್ರೆಷರ್ ಟೈಪ್ ಮಾಡಿದ ಒಂದು ಸಾಲು. ಇನ್ನೆರಡು ವರ್ಷಕ್ಕೆ ನಮ್ಮ ಬ್ಯಾಚ್‌ನಲ್ಲೂ ಕೆಲವರು ಅಂಥ ಕಂಪನಿಗಳಿಗೆ ಸೇರ್ತೀವಿ. ಮ್ಯಾನೇಜರ್ ಆ ಸಾಲು ಹಾಕು ಅಂದಾಗ "ಇದು ಮಾರ್ಗಸೂಚಿಗೆ ವಿರುದ್ಧ ಅಲ್ವಾ ಸಾರ್?" ಅಂತ ಕೇಳೋಷ್ಟು ಧೈರ್ಯ ನನಗಿರುತ್ತಾ ಅಂತ ಯೋಚನೆ ಮಾಡ್ತೀನಿ. ಇರುತ್ತೆ ಅಂತಲೇ ಅಂದ್ಕೊಂಡಿದೀನಿ. ಕೇಳೋಕೆ ಮೊದಲು ಅಂಥ ಒಂದು ಮಾರ್ಗಸೂಚಿ ಇದೆ ಅಂತಾದ್ರೂ ಗೊತ್ತಿರಬೇಕಲ್ಲ, ಅದಕ್ಕೇ ಇಷ್ಟು ಬರೆದೆ.