ಹಿಕ್ಕೆಯ ಲೆಕ್ಕ

ನಮ್ಮ ಜಗಳೂರು ಸೀಮೆಯಲ್ಲಿ ಕುರಿ ಸಾಕಿದವರು ಬೆಳಿಗ್ಗೆ ರೊಪ್ಪದ ಬಾಗಿಲು ತೆಗೆದ ಕೂಡಲೇ ನೆಲ ನೋಡುತ್ತಾರೆ. ರಾತ್ರಿ ಬಿದ್ದ ಹಿಕ್ಕೆ ಗುಂಡಗೆ, ಬಿಡಿಬಿಡಿಯಾಗಿದ್ದರೆ ಮಂದೆ ಚೆನ್ನಾಗಿದೆ ಎಂದರ್ಥ. ಚಿಕ್ಕಂದಿನಿಂದ ಕಂಡಿದ್ದರೂ ಆ ನೋಟದ ಬೆಲೆ ನನಗೆ ತಿಳಿದದ್ದು ಮನೆಗೆ ಎರಡು ಮೊಲದ ಮರಿಗಳು ಬಂದ ಮೇಲೆ.

ಮಗಳ ಹಟಕ್ಕೆ ದಾವಣಗೆರೆಯಿಂದ ತಂದೆ. ರಟ್ಟಿನ ಡಬ್ಬಿಯೊಳಗೆ, ಬಸ್ಸಿನಲ್ಲಿ, ನನ್ನ ತೊಡೆಯ ಮೇಲೆ ಕೂತು ಬಂದವು. ಒಂದು ಬಿಳಿ, ಒಂದು ಬೂದು. ತಿಂಗಳು ತುಂಬಿದೆ ಎಂದಿದ್ದರು. ಓಣಿಯ ಮಕ್ಕಳೆಲ್ಲ ನೋಡಲು ಬಂದರು, ಯಾರೂ ಬರಿಗೈಲಿ ಬರಲಿಲ್ಲ. ಒಬ್ಬ ಗಜ್ಜರಿ ತಂದ, ಒಬ್ಬಳು ಬಿಸ್ಕತ್ತು, ಇನ್ನೊಬ್ಬ ಹಿಡಿ ಮಂಡಕ್ಕಿ. ನಾನು ಮೆಕ್ಕೆಜೋಳದ ನುಚ್ಚು ನೆನೆಸಿಟ್ಟೆ. ತಿಂದವು. ಅವು ತಿನ್ನುವುದನ್ನು ನೋಡಿ ನಮ್ಮ ಹೊಟ್ಟೆ ತುಂಬಿತು. ನಾಲ್ಕನೇ ದಿನ ಬಿಳಿಯದು ಬೆನ್ನು ಗೂನು ಮಾಡಿಕೊಂಡು ಮೂಲೆ ಹಿಡಿಯಿತು. ಹೊಟ್ಟೆ ತಮಟೆಯಂತೆ ಬಿಗಿದಿತ್ತು, ಭೇದಿ ಲೋಳೆಲೋಳೆಯಾಗಿತ್ತು. ಬೆಳಗಾಗುವಷ್ಟರಲ್ಲಿ ಹೋಯಿತು.

ಕುರಿ ಸಾಕುವ ಪಕ್ಕದ ಮನೆಯ ಅಜ್ಜ ಬಂದು ನೋಡಿದರು. "ಏನ್ ಹಾಕಿದ್ರಪ್ಪ ಅವಕ್ಕೆ?" ಎಂದರು. ನಾನು ಒಂದೊಂದಾಗಿ ಹೇಳಿದೆ. ಎಲ್ಲ ಕೇಳಿ, "ಹುಲ್ಲು?" ಎಂದರು. ಹುಲ್ಲು ಹಾಕಿರಲಿಲ್ಲ.

ಆ ಒಂದು ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಉಳಿದ ಬೂದು ಮರಿಯನ್ನು ಎತ್ತಿಕೊಂಡು ಪಶುವೈದ್ಯರ ಬಳಿ ಹೋದೆ, ಓದಿದೆ, ಕೇಳಿದೆ. ಮೊಲಕ್ಕೆ ಹಸುವಿನಂತೆ ನಾಲ್ಕು ಕೋಣೆಯ ಹೊಟ್ಟೆಯಿಲ್ಲ. ಹುಲ್ಲು ಕೊಳೆತು ಸಾರವಾಗುವುದು ಕೊನೆಯಲ್ಲಿರುವ ದೊಡ್ಡ ಕುರುಡು ಕರುಳಿನಲ್ಲಿ, ಅಲ್ಲಿ ಬೀಡುಬಿಟ್ಟ ಕೋಟಿ ಸೂಕ್ಷ್ಮಜೀವಿಗಳಿಂದ. ಸಾರ ಅಷ್ಟು ಹಿಂದೆ ಹುಟ್ಟಿದರೆ ಮೈಗೆ ಹತ್ತುವುದು ಹೇಗೆ? ಅದಕ್ಕೇ ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಣಗಿದ ಗುಂಡು ಹಿಕ್ಕೆ ನಮಗೆ ಕಾಣುತ್ತದೆ. ಇನ್ನೊಂದು ಮೆತ್ತಗೆ, ಹೊಳೆಯುತ್ತ, ಸಣ್ಣ ದ್ರಾಕ್ಷಿಗೊಂಚಲಿನಂತಿರುತ್ತದೆ. ಅದನ್ನು ಮೊಲ ನೆಲಕ್ಕೆ ಬೀಳಿಸದೆ ಬಾಯಿಗೇ ತೆಗೆದುಕೊಂಡು ನುಂಗುತ್ತದೆ. ಪ್ರೋಟೀನು, ಬಿ ಜೀವಸತ್ವಗಳೆಲ್ಲ ಅದರಲ್ಲಿವೆ. ಕಂಡವರು ಹೇಸಿಗೆ ಎಂದು ತಡೆಯುತ್ತಾರೆ. ತಡೆಯಬಾರದು, ಅದು ಮೊಲದ ಮೆಲುಕು.

ಮರಿಯ ಹೊಟ್ಟೆಯಂತೂ ಇನ್ನೂ ನಾಜೂಕು. ತಾಯಿಮೊಲ ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ, ನಾಲ್ಕಾರು ನಿಮಿಷ ಹಾಲೂಡಿಸುತ್ತದೆ. ಮೂರನೇ ವಾರದ ಹೊತ್ತಿಗೆ ಮರಿ ಹುಲ್ಲು ಕಚ್ಚಲು ಕಲಿಯುತ್ತದೆ, ತಾಯಿಯ ಹಿಕ್ಕೆಯನ್ನೂ ತಿಂದು ಒಳ್ಳೆಯ ಜೀವಾಣುಗಳನ್ನು ಪಡೆಯುತ್ತದೆ. ಹಾಲು ಕುಡಿಯುವಷ್ಟು ದಿನ ಹಾಲೇ ಕಾವಲು. ದೊಡ್ಡದಾದ ಮೇಲೆ ಜಠರದ ಕಟುವಾದ ಆಮ್ಲ ಕಾವಲು. ಒಂದು ಕಾವಲು ಎದ್ದು ಹೋಗಿ ಇನ್ನೊಂದು ಬಂದು ಕೂರುವ ನಡುವಿನ ವಾರಗಳೇ ಗಂಡಾಂತರದವು. ಎಂಟು ವಾರವಾದರೂ ತಾಯಿಯ ಜೊತೆಗಿರಲಿ ಎನ್ನುವುದು ಅದಕ್ಕೇ. ಅದೇ ಹೊತ್ತಿನಲ್ಲಿ ಮರಿಯನ್ನು ಅಗಲಿಸಿ, ಬಸ್ಸು ಹತ್ತಿಸಿ, ನುಚ್ಚು ಮಂಡಕ್ಕಿಯ ಪಿಷ್ಟ ತುಂಬಿದರೆ ಕುರುಡು ಕರುಳಿನಲ್ಲಿ ಕೆಟ್ಟ ಜೀವಾಣುಗಳು ಹೆಚ್ಚಿ ವಿಷ ಬಿಡುತ್ತವೆ. ಮೊಲಕ್ಕೆ ವಾಂತಿ ಮಾಡಿಕೊಳ್ಳಲೂ ಬಾರದು. ಬಿಳಿ ಮರಿಗೆ ನಾವು ಮಾಡಿದ್ದು ಇದೇ. ಪ್ರೀತಿಯಿಂದಲೇ ಮಾಡಿದೆವು.

ಮೊಲಕ್ಕೆ ಗಜ್ಜರಿಯೇ ಊಟ ಎಂಬ ನಂಬಿಕೆ ನಮ್ಮದೂ ಅಲ್ಲ. 1940ರಲ್ಲಿ ತೆರೆಗೆ ಬಂದ ಬಗ್ಸ್ ಬನ್ನಿ ಎಂಬ ಅಮೆರಿಕದ ವ್ಯಂಗ್ಯಚಿತ್ರದ ಮೊಲ ಗಜ್ಜರಿ ಕಡಿಯುತ್ತ ನಿಂತಿದ್ದನ್ನು ಜಗತ್ತೇ ನಂಬಿತು. ಗಡ್ಡೆಯಲ್ಲಿ ಸಕ್ಕರೆ ಹೆಚ್ಚು, ಬೆಳೆದ ಮೊಲಕ್ಕೂ ಹೆಬ್ಬೆರಳ ತುದಿಯಷ್ಟು ಸಾಕು. ಮೊಲದ ಮೂಲ ಸ್ಪೇನ್ ಕಡೆಯ ಒಣ ಹುಲ್ಲು, ಕುರುಚಲು ಗಿಡಗಳ ನೆಲ. ಅಲ್ಲಿನ ಬಡ ಹುಲ್ಲಿನಿಂದಲೇ ಮೈ ಕಟ್ಟಿಕೊಳ್ಳಲು ಕಲಿತ ಹೊಟ್ಟೆ ಅದು.

ಇದನ್ನು ತಿಳಿದ ದಿನ ನನಗೆ ನಮ್ಮ ಊರಿನ ಬಯಲೇ ಬೇರೆಯಾಗಿ ಕಂಡಿತು. ಬರದ ತಾಲ್ಲೂಕು ಎಂದು ಕರೆಸಿಕೊಳ್ಳುವ ಜಗಳೂರಿನಲ್ಲಿ ಮೊಲಕ್ಕೆ ಬೇಕಾದದ್ದು ಬದುವಿನ ಮೇಲೇ ಇದೆ. 2011ರಲ್ಲಿ ಕೊಂಡುಕುರಿ ವನ್ಯಧಾಮವಾದ ರಂಗಯ್ಯನದುರ್ಗದ ಕಾಡೂ ಇಂಥ ಒಣ ಕುರುಚಲಿನದೇ. ನಮ್ಮ ಹೊಲಗಳಲ್ಲಿ ಜಿಗಿದೋಡುವ ಕಾಡುಮೊಲ ಬೇರೆ ಜಾತಿ. ಅದರ ಮರಿ ಕಣ್ಣು ಬಿಟ್ಟುಕೊಂಡು, ಮೈತುಂಬ ಕೂದಲಿನೊಂದಿಗೆ ಹುಟ್ಟುತ್ತದೆ. ಅದನ್ನು ಹಿಡಿದು ಸಾಕಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಆದರೆ ಹುಲ್ಲಿನ ಹಸಿವು ಎರಡಕ್ಕೂ ಒಂದೇ.

ಬೂದು ಮರಿಗೆ ಹಸಿರಿದ್ದಾಗಲೇ ಕೊಯ್ದು ನೆರಳಲ್ಲಿ ಒಣಗಿಸಿದ ಗರಿಕೆ, ನವಣೆ ಹುಲ್ಲು ಹಗಲೂ ರಾತ್ರಿ ಎದುರಿಗಿರುವಂತೆ ಹಾಕಿದೆವು. ಉದ್ದನೆಯ ನಾರೇ ಕರುಳನ್ನು ನಡೆಸುವುದು. ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು ಬೆಳೆಯುವ ಮುಂಬಲ್ಲನ್ನು, ಅದರಂತೆಯೇ ಬೆಳೆಯುವ ದವಡೆಹಲ್ಲನ್ನು ಸವೆಸುವುದೂ ಅದೇ. ಬೆಳೆಯುವ ಮೂಳೆಗೆಂದು ಆರು ತಿಂಗಳವರೆಗೆ ಸ್ವಲ್ಪ ಕುದುರೆಮೆಂತ್ಯವನ್ನೂ ಸೇರಿಸಿದೆವು, ಆಮೇಲೆ ಅದರ ಸುಣ್ಣದಂಶ ಹೆಚ್ಚಾಗುತ್ತದೆಂದು ಬಿಟ್ಟೆವು. ಹೊಸ ಸೊಪ್ಪು ಬಂದರೆ ಒಂದು ಸಲಕ್ಕೆ ಒಂದೇ, ಚಿಟಿಕೆಯಷ್ಟು. ಬೂಸ್ಟು ಹಿಡಿದ ಶೇಂಗಾ ಬಳ್ಳಿ ಬೇಡ. ಕಳೆನಾಶಕ ಹೊಡೆದ ಮೆಕ್ಕೆಜೋಳದ ಹೊಲದ ಬದುವಿನ ಹುಲ್ಲೂ ಬೇಡ. ನೀರಿನ ಬಟ್ಟಲು ಬರಿದಾಗಬಾರದು. ಅರ್ಧ ದಿನ ಮೇವು ಮುಟ್ಟದಿದ್ದರೆ, ಹಿಕ್ಕೆ ನಿಂತರೆ, ನಾಳೆ ನೋಡೋಣ ಎನ್ನದೆ ವೈದ್ಯರ ಬಳಿ ಓಡಬೇಕು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಗುಳಿಗೆ ಅರೆದು ಕುಡಿಸಬಾರದು. ಅದು ಒಳಗಿನ ಒಳ್ಳೆಯ ಜೀವಾಣುಗಳನ್ನು ಕೊಂದು ಮೊಲವನ್ನೇ ಕೊಲ್ಲಬಲ್ಲದು.

ಈಗ ಬೂದು ಮೊಲ ಅಂಗಳವೆಲ್ಲ ತನ್ನದೆನ್ನುವಷ್ಟು ದೊಡ್ಡದಾಗಿದೆ. ಬೆಳಿಗ್ಗೆ ಪೊರಕೆ ಹಿಡಿಯುವ ಮೊದಲು ಮಗಳು ಗೂಡಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ನೆಲ ನೋಡುತ್ತಾಳೆ. ರೊಪ್ಪದಿಂದ ಬರುವ ಅಜ್ಜ ಬೇಲಿಯಾಚೆಯಿಂದಲೇ ಕೂಗುತ್ತಾರೆ: "ಹಿಕ್ಕೆ ಹಾಕೈತೇನವ್ವಾ?"

"ಹೂಂ ಅಜ್ಜಾ, ಗುಂಡಗೈತೆ."

ಅಜ್ಜ ಮುಂದಕ್ಕೆ ನಡೆಯುತ್ತಾರೆ. ಅವಳು ಹುಲ್ಲಿನ ಕಟ್ಟು ಬಿಚ್ಚುತ್ತಾಳೆ.