ನಾಲ್ಕು ಗಂಟಿನ ಉಡುಗೆ

ಮಗಳ ಬಾಣಂತನಕ್ಕೆಂದು ಸಿಡ್ನಿಗೆ ಹೋದವಳು ಸಾರಿನ ಪುಡಿ, ಹೊಟ್ಟೆಗೆ ಕಟ್ಟಲು ಮೆತ್ತನೆಯ ಹಳೇ ಸೀರೆ ಎಲ್ಲ ಒಯ್ದಿದ್ದೆ. ಅವಳ ಜೊತೆ ಬಿಕಿನಿ ಕೊಳ್ಳಲು ಅಂಗಡಿಗೆ ಹೋಗಬೇಕಾದೀತು ಅಂತ ಕನಸಿನಲ್ಲೂ ಎಣಿಸಿರಲಿಲ್ಲ.

ಡಿಸೆಂಬರ್ ಬಂದರೆ ಅಲ್ಲಿ ಬೇಸಗೆ. ಮಗುವಿಗೆ ಐದು ತಿಂಗಳು. ಸಿಸೇರಿಯನ್ ಆದ ಮೇಲೆ ಮಗಳು ಕನ್ನಡಿ ನೋಡೋದನ್ನೇ ಬಿಟ್ಟಿದ್ದಳು. ಮೊದಲು ವಾರಕ್ಕೆರಡು ಸಲ ಈಜುತ್ತಿದ್ದ ಹುಡುಗಿ, ಮನೆಯೊಳಗೂ ದುಪಟ್ಟಾ ಹೊದ್ದು ಕೂರುತ್ತಿದ್ದಳು. ಅಂಥವಳು ಒಂದು ದಿನ, "ಅಮ್ಮಾ, ಡಾಕ್ಟ್ರು ಈಜಬಹುದು ಅಂದ್ರು. ಲಾಡಿ ಕಟ್ಟೋ ಬಿಕಿನಿ ತಗೋಬೇಕು, ನೀನೂ ಬಾ" ಅಂದಾಗ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಅಳಿಯಂದಿರು ಮಗುವನ್ನೆತ್ತಿಕೊಂಡು ಅಂಗಡಿಯ ಹೊರಗೇ ನಿಂತರು.

ಬಿಕಿನಿಯೇನು ನಿನ್ನೆ ಮೊನ್ನೆಯದಲ್ಲ. 1946ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ರೆಯಾರ್ ಎಂಬಾತ ಅದನ್ನು ತೋರಿಸಿ, ಅಮೆರಿಕದವರು ಆಗಷ್ಟೇ ಅಣುಬಾಂಬ್ ಸಿಡಿಸಿದ್ದ ಬಿಕಿನಿ ದ್ವೀಪದ ಹೆಸರನ್ನೇ ಇಟ್ಟ. (ಮನೆಮಠ ಬಿಟ್ಟು ಹೋದವರ ಊರಿನ ಹೆಸರು ಬಟ್ಟೆಗೆ! ಯಾಕೋ ನನಗೆ ಸರಿಬೀಳಲಿಲ್ಲ.) ನಮ್ಮ ಶರ್ಮಿಳಾ ಟಾಗೋರ್ 1966ರಲ್ಲೇ ಫಿಲ್ಮ್‌ಫೇರ್ ಮುಖಪುಟಕ್ಕೆ ತೊಟ್ಟು ಗದ್ದಲ ಎಬ್ಬಿಸಿದ್ದರು.

ಅಲ್ಲಿ ಮೇಲಿನದು ಬೇರೆ, ಕೆಳಗಿನದು ಬೇರೆ ಮಾರುತ್ತಾರೆ. ಒಳ್ಳೆಯದೇ ಆಯಿತು. ಬಾಣಂತಿಗೆ ಎದೆಯ ಅಳತೆಯೇ ಬೇರೆ, ಸೊಂಟದ್ದೇ ಬೇರೆ ತಾನೆ? ಮೇಲಿನ ತುಂಡಿಗೆ ಕತ್ತಿನ ಹಿಂದೊಂದು, ಬೆನ್ನಿಗೊಂದು ಗಂಟು. ಕೆಳಗಿನದಕ್ಕೆ ಸೊಂಟದ ಎರಡೂ ಮಗ್ಗುಲಿಗೆ. ನಮ್ಮ ಲಂಗದ ಲಾಡಿಯ ಹಾಗೇ, ಮೈ ಇಳಿದಂತೆ ಬಿಗಿ ಮಾಡಿಕೊಳ್ಳಬಹುದು. ಹಾಲೂಡಿಸುವವಳಿಗೆ ಬಿಚ್ಚಲೂ ಸುಲಭ.

ಅವಳ ಕಣ್ಣು ಬಿದ್ದದ್ದು ತಿಳಿಹಳದಿಯ ಮೇಲೆ. ಒಳಗೆ ಕೈ ತೂರಿಸಿ ಬೆಳಕಿಗೆ ಹಿಡಿದೆ. ಐದೂ ಬೆರಳು ಕಂಡವು. "ಒಣಗಿದ್ದಾಗಲೇ ಹೀಗೆ, ನೆನೆದರೆ ಏನು ಗತಿ ಕಣೇ?" ಅಂದೆ. ಲೈನಿಂಗ್ ಇರುವ ಕಡುನೀಲಿ ಸಿಕ್ಕಿತು. ಲಾಡಿ ದಾರದಷ್ಟು ಸಣ್ಣಗಿದ್ದರೆ ತುಂಬಿದ ಎದೆಯ ಭಾರಕ್ಕೆ ಕತ್ತು ಕೊಯ್ಯುತ್ತದೆ, ಅಗಲದ್ದೇ ಆರಿಸಿದೆವು. ನೀರಿಗಿಳಿದರೆ ಬಟ್ಟೆ ಸಡಿಲವಾಗುತ್ತೆ, ಅದಕ್ಕೇ ಒಣಗಿದ್ದಾಗ ಮೈಗೆ ಹತ್ತಿ ಕೂತಿರಬೇಕು. ಒಳಚಡ್ಡಿಯ ಮೇಲೇ ತೊಟ್ಟು ನೋಡಬೇಕು. ಒಳಗೆ ಅಂಟಿಸಿದ ಪಟ್ಟಿ ಕಿತ್ತುಬಂದರೆ ವಾಪಸು ತಗೊಳ್ಳಲ್ಲ.

"ಅಮ್ಮಾ, ಬೆನ್ನ ಗಂಟು ಹಾಕು ಬಾ" ಅಂತ ಒಳಗಿಂದ ಕರೆದಳು. ಕಟ್ಟುವಾಗ ಕನ್ನಡಿಯಲ್ಲಿ ನೋಡಿದೆ. ಹೊಟ್ಟೆಯ ತುಂಬ ಗೆರೆಗಳು, ಕೆಳಗೆ ಹೊಲಿಗೆಯ ಗುರುತು. ಬಟ್ಟೆಯ ಅಂಚು ಸರಿಯಾಗಿ ಅದರ ಮೇಲೇ ಒತ್ತುತ್ತಿತ್ತು. ಸೊಂಟ ಸ್ವಲ್ಪ ಎತ್ತರವಿರುವ ಇನ್ನೊಂದನ್ನು ತಂದುಕೊಟ್ಟೆ. ಲಾಡಿ ಅದಕ್ಕೂ ಇತ್ತು.

"ಚೆನ್ನಾಗಿ ಕಾಣ್ತೀನಾ? ನಿಜ ಹೇಳು" ಅಂದಳು, ಕನ್ನಡಿಗೆ ಬೆನ್ನು ಹಾಕಿ. ನಾನು ಸೆರಗು ಸರಿಸಿದೆ. "ನೋಡು, ಇವೆಲ್ಲ ನೀನು ಕೊಟ್ಟಿದ್ದು. ಮೂವತ್ತೆರಡು ವರ್ಷದಿಂದ ಇಟ್ಕೊಂಡಿದೀನಿ." ನಕ್ಕಳು. ಕಣ್ಣೊರೆಸಿಕೊಂಡು ಕನ್ನಡಿಯ ಕಡೆ ತಿರುಗಿದಳು. ಎಷ್ಟೋ ಹೊತ್ತು ನೋಡಿಕೊಂಡಳು.

ಬಾಂಡಿ ಕಡಲತೀರದಲ್ಲಿ 1950ರ ದಶಕದಲ್ಲಿ ಬಿಕಿನಿ ತೊಟ್ಟವರನ್ನು ಇನ್‌ಸ್ಪೆಕ್ಟರುಗಳು ಎಬ್ಬಿಸಿ ಕಳಿಸುತ್ತಿದ್ದರಂತೆ. ನಾವು ಹೋದ ದಿನ ಅವಳನ್ನು ಯಾರೂ ತಿರುಗಿಯೂ ನೋಡಲಿಲ್ಲ. ನನ್ನ ಸೀರೆಯನ್ನೇ ನೋಡಿದರು! ಬಿಸಿಲಿನ ಕ್ರೀಮು ನಾನೇ ಬೆನ್ನಿಗೆ ಹಚ್ಚಿ, ನಾಲ್ಕೂ ಗಂಟನ್ನು ಎರಡೆರಡು ಸುತ್ತು ಬಿಗಿದು ಕಳಿಸಿದೆ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಈಜಬೇಕೆಂಬುದು ಅಲ್ಲಿನ ನಿಯಮ. ಮಗುವನ್ನು ನೆರಳಲ್ಲಿ ಮಲಗಿಸಿಕೊಂಡು ಕೂತೆ. ಅಲೆಯೊಳಗೆ ಮುಳುಗಿ ಎದ್ದವಳು ಕೈ ಬೀಸಿದಳು.

ಸಂಜೆ ಉಪ್ಪು ಹೋಗುವಂತೆ ತಣ್ಣೀರಲ್ಲಿ ಜಾಲಿಸಿ, ಹಿಂಡದೆ, ನೆರಳಲ್ಲಿ ಹರವಿದೆ. ಬಿಸಿಲಿಗೆ ಹಾಕಿದರೆ ಎಲಾಸ್ಟಿಕ್ ಬೇಗ ಹೋಗುತ್ತೆ.